ಬೇರೆಯವರ ಗದ್ದೆಯ ತೆನೆ

ಪಪ್ಪ ಅಡಿಕೆ ಮರದಿಂದ ಬಿದ್ದರು ಅನ್ನುವ ಫೋನ್ ಬಂದಾಗ ನಾನು ಬೆಂಗಳೂರಿನಲ್ಲಿ ಆಫೀಸಿನ ಕ್ಯಾಂಟೀನಲ್ಲಿ ದೋಸೆಗೆ ಕ್ಯೂ ನಿಂತಿದ್ದೆ. ಟೋಕನ್ ಇನ್ನೂ ಕೈಯಲ್ಲೇ ಇತ್ತು. ಅದು ಮರುದಿನ ಮಂಗಳೂರಿನ ಆಸ್ಪತ್ರೆಯಲ್ಲಿ ಪ್ಯಾಂಟಿನ ಜೇಬಲ್ಲಿ ಸಿಕ್ಕಿತು.

2018ರ ಜುಲೈ. ಆ ವರ್ಷದ ಮಳೆ ನಿಮಗೂ ನೆನಪಿರಬಹುದು. ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು, ಕೇರಳ ಮುಳುಗಿತು. ನಮ್ಮ ವಾಮದಪದವಿನ ಕಡೆ ಗುಡ್ಡ ಜರಿಯಲಿಲ್ಲ, ಅಡಿಕೆ ಉದುರಿತು. ಕೊಳೆರೋಗ ಅಂದರೆ ಏನು ಅಂತ ನಗರದವರಿಗೆ ವಿವರಿಸುವುದು ಕಷ್ಟ. ಬೆಳಿಗ್ಗೆ ಎದ್ದು ತೋಟಕ್ಕೆ ಹೋದರೆ ಮರದ ಬುಡದಲ್ಲಿ ಎಳೆ ಹಸಿರು ಕಾಯಿ ಹಾಸಿ ಬಿದ್ದಿರುತ್ತದೆ. ಇಡೀ ವರ್ಷದ ಸಂಬಳ ನೆಲದ ಮೇಲೆ ಕೊಳೆಯುತ್ತಿರುತ್ತದೆ ಅಂದುಕೊಳ್ಳಿ. ಇದಕ್ಕೆ ಮದ್ದು ಉಂಟು, ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ ಬಿಡಬೇಕು, ಮತ್ತೆ ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ. ಆ ಎರಡನೆಯದಕ್ಕೆ ಮಳೆ ಬಿಡಬೇಕಲ್ಲ? ಆ ವರ್ಷ ಬಿಡಲಿಲ್ಲ. ಒಂದು ದಿನ ಮಧ್ಯಾಹ್ನ ಸ್ವಲ್ಪ ಬಿಸಿಲು ಬಂತು. ಮದ್ದು ಬಿಡುವವನಿಗೆ ಆ ಹೊತ್ತಿಗೆ ಹತ್ತು ಕಡೆಯಿಂದ ಕರೆ. ಐವತ್ತೆಂಟು ವರ್ಷದ ಪಪ್ಪ ತಾವೇ ಕಾಲಿಗೆ ತಳೆ ಹಾಕಿಕೊಂಡು ಹತ್ತಿದರು. ಪಾಚಿ ಹಿಡಿದ ಮರ.

ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಏನೂ ಇಲ್ಲ. ಆರನೇ ವಾರ ಮನೆಗೆ ಕಳಿಸಿದರು.

ಅಲ್ಲಿಂದ ಶುರುವಾಯಿತು ನೋಡಿ, ನೆಂಟರಿಷ್ಟರ ಯಾತ್ರೆ. ಎಲ್ಲರೂ ಒಳ್ಳೆಯವರೇ. ಬ್ರೆಡ್ಡು, ಹಾರ್ಲಿಕ್ಸು, ಕಿತ್ತಳೆ ಹಿಡಿದುಕೊಂಡು ಬಂದವರೇ. ಪಪ್ಪನ ಮಂಚದ ಪಕ್ಕ ಕೂತು ಐದು ನಿಮಿಷ ಮಳೆ, ಅಡಿಕೆ ರೇಟು ಮಾತಾಡಿ, ಏಳುವ ಹೊತ್ತಿಗೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ: "ದೇವರು ಪ್ರೀತಿ ಮಾಡುವವರನ್ನೇ ಪರೀಕ್ಷೆ ಮಾಡುವುದು." ಒಬ್ಬರು ಇನ್ನೂ ಮುಂದೆ ಹೋಗಿ, "ಇದರಲ್ಲಿ ಏನೋ ಒಂದು ಒಳ್ಳೆಯದು ಉಂಟು, ನಿಮಗೆ ಈಗ ಗೊತ್ತಾಗುವುದಿಲ್ಲ" ಅಂದರು. ಮಾಂಯ್, ಅಂದರೆ ನನ್ನ ಅಮ್ಮ, ಬೀಡಿ ಕಟ್ಟುತ್ತಿದ್ದವಳು ತಲೆ ಎತ್ತದೆ "ಕಾಫಿ ಕುಡಿದು ಹೋಗಿ" ಅಂದಳು.

ನಮ್ಮ ಮನೆಯಲ್ಲಿ ಬೀಡಿ ನಿಂತು ಹತ್ತು ವರ್ಷ ಆಗಿತ್ತು. ನನಗೆ ಕೆಲಸ ಸಿಕ್ಕಿದ ವರ್ಷ ಮಾಂಯ್ ಕತ್ತರಿ ಅಟ್ಟಕ್ಕೆ ಹಾಕಿದ್ದಳು. ಈಗ ಮತ್ತೆ ಇಳಿಸಿದಳು. ದುಡ್ಡಿಗಾಗಿ ಅಂತ ನಾನು ತಿಳಿದು, ನಾನು ಕಳಿಸುವುದು ಸಾಲದಾ ಅಂತ ರೇಗಿದೆ. "ಕೈ ಸುಮ್ಮನೆ ಇದ್ದರೆ ತಲೆ ಹಾಳಾಗ್ತದೆ" ಅಂದಳು. ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕಿ ಸುರುಳುವುದು, ನೂಲು ಸುತ್ತುವುದು. ಎರಡು ಗಂಟೆಗೊಮ್ಮೆ ಎದ್ದು ಪಪ್ಪನನ್ನು ಮಗ್ಗುಲು ಬದಲಿಸುವುದು. ಹಾಗೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಮೊಬೈಲಲ್ಲಿ ಅಲಾರಂ ಇಟ್ಟುಕೊಟ್ಟದ್ದು ನಾನೇ. ನನ್ನ ಕೊಡುಗೆ ಅಷ್ಟು.

ಆದರೆ ಒಂದು ವಿಷಯ ನಿಂತುಹೋಗಿತ್ತು. ನಮ್ಮಂಥ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಏಳಕ್ಕೆ ತೇರ್ಸ್ ಇರುತ್ತದೆ. ಜಪಮಾಲೆ ಹಿಡಿದು ಮನೆಯವರೆಲ್ಲ ಅಲ್ತಾರಿನ ಎದುರು ಮೊಣಕಾಲೂರುವುದು. ಪಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಮಾಂಯ್ ತೇರ್ಸ್ ಮಾಡಲಿಲ್ಲ. ಅಲ್ತಾರಿನ ದೀಪ ಮಾತ್ರ ಹಚ್ಚುತ್ತಿದ್ದಳು. ಯಾಕೆ ಅಂತ ಕೇಳಿದೆ. "ಅವನ ಹತ್ತಿರ ನಾನು ಮಾತು ಬಿಟ್ಟಿದ್ದೇನೆ" ಅಂದಳು. ಅಕ್ಕತಂಗಿಯರು ಜಗಳ ಆಡಿ ಮಾತು ಬಿಡುತ್ತಾರಲ್ಲ, ಹಾಗೆ. ದೀಪ ಯಾಕೆ ಹಚ್ಚುತ್ತಿ ಹಾಗಾದರೆ? "ಮಾತು ಬಿಟ್ಟರೆ ಅನ್ನ ಹಾಕದೆ ಇರ್ತೇವಾ?"

ಇದನ್ನು ಕೇಳಿ ಆಗ ನನಗೆ ಒಳಗೊಳಗೆ ಸಮಾಧಾನವೇ ಆಯಿತು, ಒಪ್ಪಿಕೊಳ್ಳುತ್ತೇನೆ. ಬೆಂಗಳೂರಲ್ಲಿ ನಾನು ಭಾನುವಾರದ ಪೂಜೆ ಬಿಟ್ಟು ಮೂರು ವರ್ಷ ಆಗಿತ್ತು. ಅದಕ್ಕೆ ನನ್ನ ಬಳಿ ಒಂದು ಘನವಾದ ಕಾರಣವೂ ಇತ್ತು: ಮನಸ್ಸಿಗೆ ಫೀಲ್ ಆಗದ್ದನ್ನು ಬಾಯಲ್ಲಿ ಹೇಳುವುದು ಬೂಟಾಟಿಕೆ. ನಮ್ಮ ತಲೆಮಾರಿಗೆ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಸುಳ್ಳು ಹೇಳಬಹುದು, ಇಎಂಐ ತಪ್ಪಿಸಬಹುದು, ಆದರೆ 'ಫೇಕ್' ಆಗಬಾರದು. ಮನೆಗೆ ಹೋದಾಗ ಊಟಕ್ಕೆ ಮೊದಲು ಶಿಲುಬೆ ಗುರುತು ಹಾಕುವಾಗಲೆಲ್ಲ ನನಗೆ ನಾನೇ ಫೇಕ್ ಅನಿಸುತ್ತಿದ್ದೆ. ಈಗ ಮಾಂಯ್ ಕೂಡ ನನ್ನ ಪಕ್ಷಕ್ಕೆ ಬಂದಳು ಅಂದುಕೊಂಡೆ.

ಸೆಪ್ಟೆಂಬರ್ 8 ಬಂತು. ಮೊಂತಿ ಫೆಸ್ತ್. ಕನ್ನಡದಲ್ಲಿ ತೆನೆ ಹಬ್ಬ ಅನ್ನುತ್ತಾರೆ. ಮರಿಯಮ್ಮನವರ ಹುಟ್ಟುಹಬ್ಬ, ನಮಗೆ ಹೊಸ ಅಕ್ಕಿಯ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ತರುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಗೊಂದೊಂದು ತೆನೆ. ಅದರ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ತೆಗೆದುಕೊಳ್ಳುವುದು, ಮತ್ತೆ ಸಸ್ಯಾಹಾರದ ಊಟ. ಫೋರ್ಕು, ಫಿಶ್ಶು ಅಂತ ನಮ್ಮನ್ನು ಗುರುತಿಸುವ ಬೆಂಗಳೂರಿನ ಗೆಳೆಯರು ಆ ದಿನ ಮನೆಗೆ ಬಂದರೆ ಕೆಸುವಿನ ದಂಟು ನೋಡಿ ಗಾಬರಿಯಾಗುತ್ತಾರೆ.

ಮೂಲದಲ್ಲಿ ಇದು ಧನ್ಯವಾದದ ಹಬ್ಬ. ಬೆಳೆ ಕೊಟ್ಟೆ, ಥ್ಯಾಂಕ್ಸ್. ಈಗ ಹೇಳಿ, ಬೆಳೆ ಉದುರಿಹೋದ, ಗಂಡ ಮಂಚ ಹಿಡಿದ ವರ್ಷ ಥ್ಯಾಂಕ್ಸ್ ಹೇಳುವುದು ಸುಳ್ಳಲ್ಲವಾ? ನನ್ನ ಪ್ರಕಾರ ಶುದ್ಧ ಸುಳ್ಳು.

ಇಲ್ಲಿ ಇನ್ನೊಂದು ಸಣ್ಣ ತೊಡಕಿತ್ತು. ನಮ್ಮ ಕಡೆ ಹೆಚ್ಚಿನವರು ಗದ್ದೆ ತೆಗೆದು ಅಡಿಕೆ ಹಾಕಿ ಕಾಲ ಆಯಿತು. ನಾವೂ ಹಾಕಿದೆವು. ಹಾಗಾಗಿ ತೆನೆ ಹಬ್ಬಕ್ಕೆ ತೆನೆಯೇ ಇಲ್ಲ. ನಮ್ಮ ಪಕ್ಕದ ಮನೆಯ ಪೂಜಾರಿಯಣ್ಣನದು ಮಾತ್ರ ಎರಡು ಗದ್ದೆ ಉಳಿದಿತ್ತು. ಹಲವು ವರ್ಷಗಳಿಂದ ಹಬ್ಬದ ಬೆಳಿಗ್ಗೆ ಪಪ್ಪ ಅಲ್ಲಿಗೆ ಇಳಿದು, ಇಬ್ಬನಿ ಆರುವ ಮೊದಲು ತೆನೆ ಕೊಯ್ದು, ಬುಟ್ಟಿಯಲ್ಲಿಟ್ಟು ಚರ್ಚಿಗೆ ಒಯ್ಯುತ್ತಿದ್ದರು. ಪೂಜಾರಿಯಣ್ಣ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವರ ಮನೆಯಲ್ಲೂ ತೆನೆ ಕಟ್ಟುವ ಕ್ರಮ ಉಂಟು, ಹೊಸ ಅಕ್ಕಿಯ ಊಟ ಉಂಟು. ಅದೇ ಗದ್ದೆಯ ಕೆಲವು ತೆನೆ ಅವರ ಬಾಗಿಲಿಗೆ, ಕೆಲವು ನಮ್ಮ ಅಲ್ತಾರಿಗೆ.

ಆ ಬೆಳಿಗ್ಗೆ ಆರಕ್ಕೆ ಅವರು ಅಂಗಳಕ್ಕೆ ಬಂದು ನಿಂತರು. ಒಳಗೆ ಬರಲಿಲ್ಲ. ಪರೀಕ್ಷೆ, ಪ್ರೀತಿ ಏನೂ ಹೇಳಲಿಲ್ಲ. "ಕುರಲ್ ಏರ್ ಕೊಯ್ಪುನಿ ಬಾಯಮ್ಮ?" ಅಂದರು. ತೆನೆ ಯಾರು ಕೊಯ್ಯುವುದು ಅಂತ.

ಮಾಂಯ್ ನನ್ನ ಮುಖ ನೋಡಿದಳು. ನಾನು ಮೊಬೈಲ್ ನೋಡಿದೆ. ಅವಳು ಎದ್ದು ಕೈ ತೊಳೆದಳು. ಹೊಗೆಸೊಪ್ಪಿನ ವಾಸನೆ ಹೋಗುವಷ್ಟು ಹೊತ್ತು ತೊಳೆದಳು. "ಪಪ್ಪನ ಮಗ್ಗುಲು ಎಂಟಕ್ಕೆ ಬದಲಿಸು" ಅಂತ ನನಗೆ ಹೇಳಿ ಕತ್ತಿ ತೆಗೆದುಕೊಂಡು ಗದ್ದೆಗೆ ಇಳಿದಳು.

ಆ ದಿನ ಪಪ್ಪನನ್ನು ಮೊದಲ ಸಲ ನಾನೊಬ್ಬನೇ ಮಗ್ಗುಲು ಬದಲಿಸಿದೆ. ಹೇಳಲು ಸಂಕೋಚವಾಗುತ್ತದೆ, ಆದರೆ ಹೇಳದಿದ್ದರೆ ಈ ಬರಹ ಯಾಕೆ? ನನಗೆ ಆಗ ಪ್ರೀತಿ ಉಕ್ಕಲಿಲ್ಲ. ಕರುಣೆಯೂ ಇಲ್ಲ. ವಾಸನೆ ಬಂತು, ಭಾರ ಇತ್ತು, ಅವರ ಕಣ್ಣು ತಪ್ಪಿಸಿದೆ. ಏನೂ ಫೀಲ್ ಆಗದೆಯೇ ಕೆಲಸ ಮಾಡಿ ಮುಗಿಸಿದೆ. ಮುಗಿಸಿ ಹೊರಗೆ ಬಂದು ಜಗಲಿಯಲ್ಲಿ ಕೂತಾಗ ಹೊಳೆಯಿತು: ಇದು ಫೇಕಾ? ಫೀಲ್ ಇಲ್ಲ ಅಂತ ಮಗ್ಗುಲು ಬದಲಿಸದೆ ಬಿಟ್ಟಿದ್ದರೆ ನಾನು ಹೆಚ್ಚು ಪ್ರಾಮಾಣಿಕ ಮಗ ಆಗುತ್ತಿದ್ದೆನಾ? ರಾತ್ರಿ ಎರಡು ಗಂಟೆಯ ಅಲಾರಂಗೆ ಏಳುವಾಗ ಮಾಂಯ್‌ಗೆ ಯಾವ ಫೀಲ್ ಇರುತ್ತದೆ?

ಕನ್ನಡದಲ್ಲಿ ಎರಡು ಶಬ್ದ ಉಂಟು. ನಂಬಿಕೆ ಒಂದು, ನಿಯತ್ತು ಇನ್ನೊಂದು. ಧರ್ಮದ ವಿಷಯ ಬಂದಾಗ ನಾವು ಯಾವಾಗಲೂ ಮೊದಲನೆಯದನ್ನೇ ಎಳೆದು ತರುತ್ತೇವೆ. ನಿನಗೆ ನಂಬಿಕೆ ಉಂಟಾ? ನಂಬಿಕೆ ಅನ್ನುವುದು ತಲೆಯೊಳಗೆ, ಎದೆಯೊಳಗೆ ನಡೆಯುವ ವಿಷಯ. ಅದು ಮಳೆಯ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಏನು ಮಾಡುವುದು? ನಿಯತ್ತು ಬೇರೆ. ಅದನ್ನು ನಾವು ಸಾಲ ತೀರಿಸುವವನಿಗೆ, ಅಂಗಡಿಯ ಹಳೆಯ ಕೆಲಸದವನಿಗೆ, ಬಾಗಿಲಲ್ಲಿ ಮಲಗುವ ನಾಯಿಗೆ ಹೇಳುವ ಶಬ್ದ. ಅದಕ್ಕೆ ಹವಾಮಾನ ವರದಿ ಬೇಕಾಗಿಲ್ಲ. ನಂಬಿಕೆ ಸೋರಿಹೋದ ಮೇಲೂ ಒಬ್ಬನಿಗೆ ನಿಯತ್ತು ಇರಬಹುದಾ? ಮಾಂಯ್‌ಗೆ ಇತ್ತು. ಮಾತು ಬಿಟ್ಟವಳು ದೀಪ ಹಚ್ಚುತ್ತಿದ್ದಳು.

ಅವಳ ಹಾಗೆ ಮಾತು ಬಿಟ್ಟವರು, ಜಗಳ ಮಾಡಿದವರು ಬೈಬಲಿನಲ್ಲೇ ಸಾಲಾಗಿ ನಿಂತಿದ್ದಾರೆ. ಇದು ನನಗೆ ಕ್ಯಾಟೆಕಿಸಂ ಕ್ಲಾಸಿನಲ್ಲಿ ತಲೆಗೆ ಹೋಗಿರಲಿಲ್ಲ. ಯೋಬನ ಕತೆಯಲ್ಲಿ 'ತಾಳ್ಮೆಯ ಯೋಬ' ಇರುವುದು ಮೊದಲ ಎರಡು ಅಧ್ಯಾಯ ಮಾತ್ರ. ಆಮೇಲೆ ಅವನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನು ಕೋರ್ಟಿಗೆ ಎಳೆಯುವ ಮಾತಾಡುತ್ತಾನೆ. ಅವನ ಗೆಳೆಯರು ಬರುತ್ತಾರೆ. ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಅವರು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಎಂಟನೇ ದಿನ ಬಾಯಿ ತೆರೆದರು ನೋಡಿ, ನಮ್ಮ ಹಾರ್ಲಿಕ್ಸ್ ನೆಂಟರ ಹಾಗೆ. ಇದರಲ್ಲಿ ಏನೋ ಕಾರಣ ಉಂಟು, ನಿನ್ನದೇ ಏನೋ ತಪ್ಪಿರಬೇಕು. ಕೊನೆಗೆ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ಮಾಡಿದ ಈ ಗೆಳೆಯರ ಮೇಲೆ. ಸರಿಯಾದ ಮಾತಾಡಿದವನು ಜಗಳ ಮಾಡಿದವನೇ ಅಂತ ತೀರ್ಪು. 88ನೇ ಕೀರ್ತನೆಯಂತೂ ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಕೂಡ ಇಲ್ಲ. ಅದನ್ನು ಚರ್ಚು ಹರಿದು ಬಿಸಾಡಲಿಲ್ಲ, ಶುಕ್ರವಾರ ರಾತ್ರಿಯ ಪ್ರಾರ್ಥನೆಯಲ್ಲಿ ಇಟ್ಟುಕೊಂಡಿದೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಟಿವಿಯವರು ಕುಣಿದಾಡಿದರು: ಸಂತರಿಗೇ ದೇವರು ಕಾಣಿಸಲಿಲ್ಲವಂತೆ! ಹತ್ತಿರ ಹತ್ತಿರ ಐವತ್ತು ವರ್ಷ ಅವರೊಳಗೆ ಬರೀ ಕತ್ತಲೆ ಇತ್ತಂತೆ. ಆ ಐವತ್ತು ವರ್ಷ ಅವರು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದರು, ಏನು ಮಾಡುತ್ತಿದ್ದರು ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದನ್ನು ಬೂಟಾಟಿಕೆ ಅಂತ ಕರೆಯುವ ಧೈರ್ಯ ನನಗಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ತಾಳ್ಮೆಯ ಪಾಠ ತುಂಬ ಅಪಾಯದ್ದು. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸುವ ಹೆಂಗಸಿಗೆ "ಇದು ನಿನ್ನ ಶಿಲುಬೆ, ಹೊರು" ಅಂತ ಹೇಳಿದವರನ್ನು ನಾನು ಕಂಡಿದ್ದೇನೆ. ಅದು ನಿಯತ್ತಿನ ಪಾಠ ಅಲ್ಲ, ಹೊಡೆಯುವವನಿಗೆ ಕೊಟ್ಟ ಲೈಸೆನ್ಸು. ತಪ್ಪಿಸಲಿಕ್ಕೆ ಆಗುವ ಕಷ್ಟವನ್ನು ತಪ್ಪಿಸಬೇಕು. ಪಪ್ಪ ಮಳೆಯಲ್ಲಿ ಮರ ಹತ್ತಬಾರದಿತ್ತು, ಅದರಲ್ಲಿ ದೇವರ ಯೋಜನೆ ಹುಡುಕಲು ನಾನು ಹೋಗುವುದಿಲ್ಲ. ಮತ್ತೆ, ಶಿಲುಬೆಯ ಹಾದಿಯಲ್ಲಿ ಯೇಸು ಕೂಡ ಪೂರ್ತಿ ಒಬ್ಬನೇ ಹೊರಲಿಲ್ಲವಲ್ಲ. ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನ ಬರುತ್ತಾನೆ. ಅವನು ಶಿಷ್ಯನಲ್ಲ, ಭಕ್ತನಲ್ಲ. ಹೊಲದ ಕಡೆಯಿಂದ ಬರುತ್ತಿದ್ದ ದಾರಿಹೋಕ.

ಅವನನ್ನು ನೆನೆದಾಗಲೆಲ್ಲ ನನಗೆ ಪೂಜಾರಿಯಣ್ಣ ಅಂಗಳದಲ್ಲಿ ನಿಂತದ್ದು ಕಾಣುತ್ತದೆ. ಅಲ್ಲಿಂದ ಮನಸ್ಸು ಇನ್ನೂ ಹಿಂದಕ್ಕೆ ಹೋಗುತ್ತದೆ, ನಮ್ಮ ಸಮುದಾಯ ಕಂಡ ಅತಿ ಕೆಟ್ಟ ಕಾಲಕ್ಕೆ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಾಟಿ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಅನ್ನುವುದರಲ್ಲಿ ಬರೆದವರೊಳಗೆ ಒಮ್ಮತ ಇಲ್ಲ, 30,000ದಿಂದ 80,000ದವರೆಗೆ ಲೆಕ್ಕ ಕೊಡುತ್ತಾರೆ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತಕ್ಕೆ ಮತ ಬದಲಿಸಿದವರು ಎಲ್ಲ ಇದ್ದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರಲ್ಲಿ ಹಲವರು ಊರಿಗೆ ಮರಳಿದರು. ಈ ಚರಿತ್ರೆಯನ್ನು ಈಗ ಚುನಾವಣೆ ಬಂದಾಗಲೆಲ್ಲ ಯಾರ್ಯಾರೋ ತಮ್ಮ ತಮ್ಮ ಕೆಲಸಕ್ಕೆ ಎತ್ತಿಕೊಳ್ಳುತ್ತಾರೆ. ಅದನ್ನು ಬಿಡಿ. ನನ್ನನ್ನು ಕಾಡುವುದು ಬೇರೆ. ನಾವು ಯಾರೂ ಹುತಾತ್ಮರ ವಂಶ ಅಂತ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಬದುಕಿ ಉಳಿದವರ ವಂಶ ನಾವು. ಬಾಗಿದವರು, ಅಡಗಿದವರು, ಹದಿನೈದು ವರ್ಷ ಬಾಯಿ ಮುಚ್ಚಿಕೊಂಡವರು, ಓಡಿಹೋದವರು, ಮತ್ತು ಎಲ್ಲ ಮುಗಿದ ಮೇಲೆ ಕುಸಿದ ಚರ್ಚಿನ ಜಾಗಕ್ಕೆ ವಾಪಸು ನಡೆದು ಬಂದವರು. ಅವರ ಎದೆಯಲ್ಲಿ ಆಗ ನಂಬಿಕೆ ಎಷ್ಟು ಗ್ರಾಂ ಇತ್ತು ಅಂತ ಯಾರು ತೂಗಿ ನೋಡುವುದು? ಬಂದರು, ಅಷ್ಟೆ.

ಆ ಹೊತ್ತಿನಲ್ಲಿ ಕೆಡವದೆ ಉಳಿದ ಚರ್ಚುಗಳು ಕೆಲವೇ ಕೆಲವು. ಅದರಲ್ಲಿ ಒಂದು ನಮಗೆ ಹತ್ತಿರದ್ದೇ, ಮೂಡುಬಿದಿರೆ ಸಮೀಪದ ಹೊಸ್ಪೆಟ್ ಚರ್ಚ್. ಅದು ಉಳಿದದ್ದು ಮೂಡುಬಿದಿರೆಯ ಚೌಟ ಅರಸರ ಸ್ನೇಹದಿಂದ ಎನ್ನುತ್ತಾರೆ. ಇನ್ನೊಂದು ಫರಂಗಿಪೇಟೆಯ ಮೊಂತಿ ಮರಿಯಾನೊ. ನಮ್ಮ ತೆನೆ ಹಬ್ಬಕ್ಕೆ ಮೊಂತಿ ಅನ್ನುವ ಹೆಸರು ಬಂದದ್ದು ಆ ಗುಡ್ಡದಿಂದಲೇ. 1763ರಲ್ಲಿ ಅಲ್ಲಿ ಈ ಹಬ್ಬ ಶುರುಮಾಡಿದವರು ಗೋವೆಯ ಪಾದ್ರಿ ಜೋಕಿಂ ಮಿರಾಂದ ಅಂತ ಪ್ರತೀತಿ. ಅವರಿಗೂ ಹೈದರಾಲಿಗೂ ಗೆಳೆತನ ಇತ್ತಂತೆ, ಅಪ್ಪನ ಆ ಗೆಳೆತನಕ್ಕಾಗಿ ಮಗ ಆ ಚರ್ಚನ್ನು ಮುಟ್ಟಲಿಲ್ಲವಂತೆ. ಇತ್ತ ಕೊಡಗಿಗೆ ಓಡಿಹೋದವರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ, ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಲ್ಲಿ ಹುಟ್ಟಿದ್ದು ಹಾಗೆ. ಒಬ್ಬ ಜೈನ, ಒಬ್ಬ ಮುಸಲ್ಮಾನ, ಒಬ್ಬ ಲಿಂಗಾಯತ. ನಮ್ಮ ವಿಶ್ವಾಸ ಉಳಿಯಿತು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದನ್ನು ಸ್ವಲ್ಪ ದೂರ ಹೊತ್ತವರು ಇವರೂ ಹೌದು.

ಹಬ್ಬದ ದಿನ ಮಾಂಯ್ ಚರ್ಚಿನಿಂದ ಬಂದದ್ದು ಹತ್ತೂವರೆಗೆ. ಅತ್ತಿದ್ದಳಾ ಅಂತ ಮುಖ ನೋಡಿದೆ, ಇಲ್ಲ. ಥ್ಯಾಂಕ್ಸ್ ಹೇಳಿದೆಯಾ ಅಂತ ಕೇಳಿದೆ, ಸ್ವಲ್ಪ ಕೊಂಕಾಗಿಯೇ. "ಇಲ್ಲ. ತೆನೆ ಇಟ್ಟು ಬಂದೆ" ಅಂದಳು. ಪಪ್ಪನ ಬಾಯಿಗೆ ಚಮಚದಲ್ಲಿ ಹೊಸ ಅಕ್ಕಿಯ ಪಾಯಸ ಹಾಕಿದಳು. ಪಪ್ಪ ನುಂಗಿ, "ಪೂಜಾರಿಯ ಗದ್ದೆಯದ್ದೇ ಅಲ್ವಾ?" ಅಂತ ಕೇಳಿದರು. ಅದು ಅವರಿಗೆ ಮುಖ್ಯ ಪ್ರಶ್ನೆ ಆಗಿತ್ತು. ತೇರ್ಸ್ ಮತ್ತೆ ಶುರುವಾದದ್ದು ನವೆಂಬರಿನಲ್ಲಿ. ಯಾಕೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಜಗಳ ಮುಗಿದಿತ್ತು ಅಂತ ಏನೂ ಅಲ್ಲ. ಮಧ್ಯೆ ಮಧ್ಯೆ ಜಪ ನಿಲ್ಲಿಸಿ ಅಲ್ತಾರಿನ ಕಡೆ ಒಂದು ನೋಟ ಬಿಡುತ್ತಿದ್ದಳು. ಸಾಲಗಾರನನ್ನು ನೋಡುವ ನೋಟ.

ಪಪ್ಪ 2020ರ ಜೂನಿನಲ್ಲಿ ಹೋದರು. ಕೊರೊನಾ ಕಾಲ, ಅಂತ್ಯಸಂಸ್ಕಾರಕ್ಕೆ 20 ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಮಾಂಯ್ ಹಳೆಯ ಬೀಡಿ ಪಾಸ್‌ಬುಕ್ಕಿನ ಹಿಂದೆ ಪಟ್ಟಿ ಬರೆಯಲು ಕೂತಳು. ಪಪ್ಪನ ಒಡಹುಟ್ಟಿದವರೇ ಏಳು ಜನ. ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಹದಿನಾರನೆಯ ಹೆಸರು ಪೂಜಾರಿಯಣ್ಣನದು. "ಅವರನ್ನು ಹಾಕಿದರೆ ಸ್ವಂತದವರು ಬೇಸರ ಮಾಡಿಕೊಳ್ಳುವುದಿಲ್ವಾ?" ಅಂದೆ. "ಅವರಿಗೆ ದೇವರ ಪರೀಕ್ಷೆ ಅಂತ ಹೇಳು" ಅಂದಳು. ಎರಡು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗ.

ನಾನೀಗ ಪೂಜೆಗೆ ಹೋಗುತ್ತೇನಾ ಅಂತ ನೀವು ಕೇಳಬಹುದು. ಕೆಲವು ಭಾನುವಾರ ಹೋಗುತ್ತೇನೆ, ಹಿಂದಿನ ಬೆಂಚಲ್ಲಿ ಕೂರುತ್ತೇನೆ. ಹೆಚ್ಚಿನ ಸಲ ಏನೂ ಫೀಲ್ ಆಗುವುದಿಲ್ಲ. ಮೊದಲು ಇದೇ ಕಾರಣಕ್ಕೆ ಎದ್ದು ಬರುತ್ತಿದ್ದೆ. ಈಗ ಕೂತಿರುತ್ತೇನೆ.

ಪರವೂರಲ್ಲಿ ಇರುವವರಿಗೆ ತೆನೆಯ ಕಾಳು ಲಕೋಟೆಯಲ್ಲಿ ಕಳಿಸುವ ಹಳೆಯ ಕ್ರಮ ನಮ್ಮಲ್ಲಿ ಉಂಟು. ಗಲ್ಫಿಗೆ ಹೋದವರಿಗೆಲ್ಲ ಹಾಗೆ ಹೋಗುತ್ತಿತ್ತು. ಆ ವರ್ಷ ನನಗೆ ಹಬ್ಬಕ್ಕೆ ಹೋಗಲು ಆಗಲಿಲ್ಲ. ಹದಿನೈದು ದಿನ ಕಳೆದು ಸ್ಪೀಡ್ ಪೋಸ್ಟ್ ಬಂತು. ಪೇಪರಿನ ಸಣ್ಣ ಪೊಟ್ಟಣ, ಅದರೊಳಗೆ ಒಂಬತ್ತು ಭತ್ತದ ಕಾಳು. ನಂದಿನಿ ಪ್ಯಾಕೆಟ್ ಕತ್ತರಿಸಿ ಹಾಲು ಬಿಸಿಗಿಟ್ಟೆ. ಉಗುರಿನಿಂದ ಸಿಪ್ಪೆ ಸುಲಿಯಲು ನನಗೆ ಬರುವುದಿಲ್ಲ, ಎರಡು ಕಾಳು ಒಡೆದು ಪುಡಿಯಾಯಿತು. ಮಾಂಯ್‌ಗೆ ವೀಡಿಯೊ ಕಾಲ್ ಮಾಡಿದೆ. "ಯಾರ ಗದ್ದೆಯದ್ದು?" ಅಂತ ಕೇಳಿದೆ. ಅವಳು ಫೋನ್ ತಿರುಗಿಸಿ ಅಂಗಳ ತೋರಿಸಿದಳು. ಪೂಜಾರಿಯಣ್ಣ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.